ಗಾಳದ ಪರವಾನಗಿಗೆ ಎರಡು ಗೀಟು

ಆ ಶನಿವಾರ ಮಧ್ಯಾಹ್ನ ಕಚೇರಿಯ ಪಡಸಾಲೆಯಲ್ಲಿ ನಾವು ಮೂವರಿದ್ದೆವು. ಜಮಖಾನೆಯ ಮೇಲೆ ಡೆಸ್ಕು ಇಟ್ಟುಕೊಂಡು ಕೂತ ಕಾರಕೂನರು, ಅವರೆದುರು ಅರ್ಧ ದಿನದ ಸಾಲೆ ಮುಗಿಸಿ ಬಂದ ನಾನು, ನನ್ನ ಬಗಲಿಗೆ ನಮ್ಮ ಓಣಿಯ ಬೀಗ ಮಾಡುವ ಇಮಾಮಸಾಬ ಕಾಕಾ. ನಾಲ್ಕನೆಯದಾಗಿ ಕಾಕಾ ಅವರ ಬಿದಿರಿನ ಗಾಳದ ಕೋಲು ಕಂಬಕ್ಕೆ ಒರಗಿ ನಿಂತಿತ್ತು. ಬಂದೂಕಿನ ಪರವಾನಗಿಗೆ ಬಂದೂಕು ತೋರಿಸಬೇಕಂತೆ, ಹಾಗೆಯೇ ಗಾಳಕ್ಕೂ ಇದ್ದೀತು ಎಂದುಕೊಂಡು ಅವರು ಅದನ್ನು ಹಳೇ ಹುಬ್ಬಳ್ಳಿಯಿಂದ ಹೆಗಲ ಮೇಲೆ ಹೊತ್ತು ತಂದಿದ್ದರು. ದಾರಿಯುದ್ದಕ್ಕೂ ಜನ ನಮ್ಮಿಬ್ಬರನ್ನೂ ನೋಡಿ ನಕ್ಕರು. ಕಾಕಾ ಅವರನ್ನು ನೋಡಿ ಸ್ವಲ್ಪ, ನನ್ನನ್ನು ನೋಡಿ ಹೆಚ್ಚು.

ನಕ್ಕವರದು ತಪ್ಪಿಲ್ಲ. ಕೊರಳಲ್ಲಿ ಲಿಂಗ ಕಟ್ಟಿಕೊಂಡವನು ನಾನು. ನಮ್ಮ ಮನೆಯಲ್ಲಿ ಮೀನು ತಿನ್ನುವುದಿರಲಿ, ಅದರ ಹೆಸರು ಹೇಳಿದರೂ ಅವ್ವ ಬಾಯಿ ಮುಕ್ಕಳಿಸಿ ಬಾ ಎನ್ನುತ್ತಾಳೆ. ಎರೆಹುಳು ಕಂಡರೆ ನಾನೇ ದಾರಿ ಬಿಟ್ಟುಕೊಡುವವನು. ಇಂಥವನಿಗೆ ಗಾಳದ ಪರವಾನಗಿ ಏಕೆ ಬೇಕಾಯಿತು ಎಂದು ನೀವು ಕೇಳಬಹುದು. ಹೇಳುತ್ತೇನೆ, ಆದರೆ ನಡುವೆ ನಗಬಾರದು.

ಎರಡು ವರ್ಷದ ಹಿಂದೆ ನನ್ನ ಹೆಂಡತಿ ತೀರಿಹೋದಳು. ಅದರ ಬಗ್ಗೆ ನಾನು ಇಲ್ಲಿ ಬರೆಯುವುದಿಲ್ಲ. ರವಿವಾರ ಬಂತೆಂದರೆ ಮುಂಜಾನೆಯಿಂದ ಸಂಜೆಯವರೆಗೆ ಮನೆಯ ಮುಂದಿನ ಕಟ್ಟೆಯ ಮೇಲೆ ಕೂತಿರುತ್ತಿದ್ದೆ ಎಂದು ಹೇಳಿದರೆ ಸಾಕು. ಒಂದು ರವಿವಾರ ಕಾಕಾ ಬಂದು ಎದುರಿಗೆ ನಿಂತರು. "ಮಾಸ್ತರ್ರ, ನನ್ನ ಕಣ್ಣ ಮಂಜಾಗ್ಯಾವ್ರಿ. ಬೆಂಡ ಮುಳಗಿದ್ದು ಕಾಣೂದಿಲ್ಲ. ನೀವು ಕೆರಿಗೆ ಬಂದು ಕುಂತು, ಮುಳಗಿದ ಕೂಡ್ಲೆ 'ಎಳೀರಿ' ಅಂತ ಹೇಳಿದ್ರ ದೊಡ್ಡ ಉಪಕಾರ ಆಕ್ಕೈತಿ" ಎಂದರು. ಮುದುಕ ಮನುಷ್ಯ, ಕಣ್ಣು ಹೋದವನು, ಇಲ್ಲವೆನ್ನಲು ಬಾಯಿ ಬರಲಿಲ್ಲ. ಅಂದಿನಿಂದ ಪ್ರತಿ ರವಿವಾರ ರಾಯಾಪುರದ ಆಚೆಯ ಕೆರೆಯ ದಂಡೆ ನನ್ನ ಎರಡನೇ ಸಾಲೆಯಾಯಿತು. ದಾರದ ನಡುವೆ ಕಟ್ಟಿದ ಬಿಳಿಯ ಬೆಂಡು ನೀರಿನ ಮೇಲೆ ತೇಲುತ್ತಿರುತ್ತದೆ. ನಾನು ಅದನ್ನೇ ದಿಟ್ಟಿಸುತ್ತೇನೆ. ಅದು ಗುಳುಂ ಎಂದಾಗ ಸಾಲೆಯಲ್ಲಿ ಹಿಂದಿನ ಸಾಲಿನ ಹುಡುಗರಿಗೆ ಕೇಳಿಸುವ ನನ್ನ ದನಿಯಲ್ಲಿ "ಎಳೀರಿ!" ಎಂದು ಕೂಗುತ್ತೇನೆ. ಕಾಕಾ ಎಳೆಯುತ್ತಾರೆ. ಹತ್ತರಲ್ಲಿ ಒಂಬತ್ತು ಸಲ ಬರಿಯ ಗಾಳ ಮೇಲೆ ಬರುತ್ತದೆ. "ಭಾಳ ಚಾಲಾಕಿ ಮೀನ್ರಿ" ಎನ್ನುತ್ತಾರೆ ಕಾಕಾ.

ಹೀಗೆ ಸುಖವಾಗಿದ್ದ ನಮ್ಮ ಮೇಲೆ ಒಂದು ದಿನ ಡಂಗುರ ಬಿತ್ತು. ಇನ್ನು ಮುಂದೆ ಪರವಾನಗಿ ಇಲ್ಲದೆ ಕೆರೆಗೆ ಗಾಳ ಹಾಕಬಾರದು. ಒಬ್ಬನಿಗೆ ಒಂದೇ ಗಾಳ. ಗೇಣಿಗಿಂತ ಸಣ್ಣ ಮೀನನ್ನು ತಿರುಗಿ ನೀರಿಗೆ ಬಿಡಬೇಕು. ಮಳೆ ಹಿಡಿದ ಮೊದಲ ಎರಡು ತಿಂಗಳು, ಮೀನು ಮೊಟ್ಟೆಯಿಡುವ ಕಾಲ, ಪೂರಾ ಬಂದ್. ಮನೆಯ ಊಟಕ್ಕಾದರೆ ವರ್ಷಕ್ಕೆ ಎರಡು ರೂಪಾಯಿ, ಮಾರಾಟಕ್ಕಾದರೆ ಐದು. ಇಷ್ಟೂ ನ್ಯಾಯವೇ. ಆದರೆ ಕೊನೆಯ ಕಲಮು ನನ್ನ ಎದೆಗೆ ಬಂದು ನಾಟಿತು: ಪರವಾನಗಿ ಇಲ್ಲದವರು ಗಾಳದವರ ಜೊತೆ ದಂಡೆಯ ಮೇಲೆ ಕೂಡತಕ್ಕದ್ದಲ್ಲ. ಈ ಕಾಯ್ದೆಯೆಲ್ಲ ದಂಡೆಯ ಹುಣಸೆಮರದವರೆಗೆ ಮಾತ್ರ. ಮರದಿಂದ ಆಚೆ ಇನಾಮದಾರರ ಸೀಮೆ, ಅಲ್ಲಿ ಪರವಾನಗಿಯೂ ಇಲ್ಲ, ದರವೂ ಇಲ್ಲ. ಹಿಡಿದ ಮೊದಲ ಮೀನನ್ನು ಅವರ ವಾಡೆಗೆ ಮುಟ್ಟಿಸಿದರಾಯಿತು. "ಹಂಗಾರ ಆ ಕಡೆ ಕುಂದರೂಣ್ರಿ ಕಾಕಾ" ಎಂದೆ. ಕಾಕಾ ಗಡ್ಡ ಸವರಿಕೊಂಡರು. "ಮೊದಲನೇದು ಅವರಿಗೆ ಕೊಟ್ರ ನಮಗ ಉಳಿಯೂದೇನ್ರಿ ಮಾಸ್ತರ್ರ? ನನಗ ಎರಡನೇದು ಯಾವಾಗರ ಸಿಕ್ಕೈತೇನು?"

ಆದ್ದರಿಂದಲೇ ನಾವು ಆ ಶನಿವಾರ ಕಚೇರಿಯ ಪಡಸಾಲೆಯಲ್ಲಿ ಕೂತದ್ದು. ಕಾಕಾ ಅವರ ಕೆಲಸ ಗಳಿಗೆಯಲ್ಲಿ ಮುಗಿಯಿತು. ನನ್ನ ಸರದಿಗೆ ಕಾರಕೂನರು ಅಚ್ಚು ಹಾಕಿದ ಅರ್ಜಿಯನ್ನು ಮುಂದಿಟ್ಟು, "ಇಲ್ಲಿ ಎರಡು ಮಾತು ಅದಾವ ನೋಡ್ರಿ. ಮನೀ ಊಟಕ್ಕ, ಇಲ್ಲಾ ಮಾರಾಟಕ್ಕ. ನಿಮಗ ಬ್ಯಾಡಾದ್ದರ ಮ್ಯಾಲೆ ಗೀಟು ಹೊಡೀರಿ" ಎಂದರು. ನಾನು ಎರಡರ ಮೇಲೂ ಗೀಟು ಹೊಡೆದೆ.

"ಎರಡೂ ಹೊಡದ್ರೆಲ್ಲರಿ!"

"ಎರಡೂ ಬ್ಯಾಡಾದ್ದ ಅದಾವಲ್ಲರಿ."

"ತಿನ್ನಾಂಗಿಲ್ಲ, ಮಾರಾಂಗಿಲ್ಲ. ಮತ್ತ ಹಿಡಿಯೂದ್ಯಾಕ?"

"ಹಿಡಿಯಾವ ನಾ ಅಲ್ಲರಿ, ಕಾಕಾ."

"ಮತ್ತ ನಿಮಗ್ಯಾಕ ಪರವಾನಗಿ?"

"ಕುಂದರಾಕ."

"ಕುಂದರಾಕ ನಿಮ್ಮ ಮನೀ ಮುಂದ ಕಟ್ಟಿ ಇಲ್ಲೇನ್ರಿ ಮಾಸ್ತರ?"

ಅವರು ಚೇಷ್ಟೆಗೆಂದೇ ಅಂದದ್ದು. ಆದರೆ ಆ ಕಟ್ಟೆಯ ಮಾತು ಬಂದದ್ದೇ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಕಟ್ಟಿ ಐತ್ರಿ. ಅದರ ಮ್ಯಾಲೆ ನಾ ಕುಂದರಾಂಗಿಲ್ಲ" ಎಂದೆ. ಅವರು ಹೊಸ ಅರ್ಜಿ ಕೊಟ್ಟರು. ಮತ್ತೆ ಎರಡೂ ಗೀಟು. ಮೂರನೆಯದು ಕೊಟ್ಟು, "ಸರಕಾರದ ಕಾಗದ ಹಾಳ ಮಾಡಬ್ಯಾಡ್ರಿ, ಸುಮ್ಮನ ಊಟಕ್ಕ ಅಂತ ಇಡ್ರಿ. ಯಾರ ನಿಮ್ಮ ಗಡಿಗಿ ತಗದ ನೋಡ್ತಾರು?" ಎಂದರು. ಗಡಿಗೆ ತೆಗೆದು ನೋಡುವವರಿಲ್ಲ, ನಿಜ. ಆದರೆ ಪರವಾನಗಿ ಪಡೆದವರ ಹೆಸರನ್ನೂ ಕಾರಣವನ್ನೂ ಬರೆದು ಕಚೇರಿಯ ಬಾಗಿಲಿನ ಹಲಗೆಗೆ ಹಚ್ಚುತ್ತಾರೆ. ಆ ಹಲಗೆಯನ್ನು ನಮ್ಮ ಓಣಿಯ ಅಕ್ಷರ ಬಲ್ಲವರೆಲ್ಲ ಓದಿ, ಬಾರದವರಿಗೆಲ್ಲ ಹೇಳುತ್ತಾರೆ. ಮೂರನೆಯ ಸಲವೂ ಎರಡು ಗೀಟು ಎಳೆದೆ, ಈ ಸಲ ಅಡಿಪಟ್ಟಿ ಹಿಡಿದವನಂತೆ ನೆಟ್ಟಗೆ. ಅದೇ ದಿನಗಳಲ್ಲಿ ಊರ ತುಂಬ ಕಾಯ್ದೆ ಮುರಿದು ಹೂವಿನ ಹಾರ ಹಾಕಿಸಿಕೊಂಡು ಜೇಲಿಗೆ ಹೋಗುವವರಿದ್ದರು. ಕಾಯ್ದೆ ಪಾಲಿಸಿಯೇ ತೀರುತ್ತೇನೆ ಎಂದು ಸರಕಾರದ ಜೊತೆ ಜಗಳಕ್ಕೆ ನಿಂತವನು ಹುಬ್ಬಳ್ಳಿಗೆಲ್ಲ ನಾನೊಬ್ಬನೇ ಇರಬೇಕು. ನನಗೆ ಯಾರೂ ಹಾರ ಹಾಕಲಿಲ್ಲ.

ಸುದ್ದಿ ನನಗಿಂತ ಮೊದಲೇ ಮನೆ ಮುಟ್ಟಿತ್ತು. ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, "ಊಟಕ್ಕ ಅಂತ ಬರದಿ ಅಂದ್ರ ಈ ಮನ್ಯಾಗ ನಾ ಒಂದ ಹನಿ ನೀರ ಮುಟ್ಟಾಂಗಿಲ್ಲ ನೋಡು" ಎಂದಳು.

"ಮಾರಾಟಕ್ಕ ಅಂತ ಬರೀಲೇನಬೇ?"

"ನಾವು ಬಾಯಾಗ ಇಡಲಾರದ್ದನ್ನ ಮಂದೀ ಕೈಯಾಗ ಇಟ್ಟು ರೊಕ್ಕಾ ಎಣಸ್ತಿಯೇನು?"

"ಹಂಗಾರ ರವಿವಾರ ಕೆರಿಗೆ ಹೋಗೂದ ಬಿಡ್ತೀನಿ."

ಅವ್ವ ಹಿಟ್ಟಿನ ಮೇಲೆ ಕೈ ಇಟ್ಟುಕೊಂಡೇ ಕೂತಿದ್ದಳು. ಆಮೇಲೆ, "ಅದನ್ನೂ ಬಿಡಬ್ಯಾಡ" ಎಂದು ಮತ್ತೆ ಬಡಿಯತೊಡಗಿದಳು.

ಇಂಥ ಹುಕುಮಿನ ಮುಂದೆ ಯಾವ ಕಚೇರಿಯ ಆಟವೂ ನಡೆಯುವುದಿಲ್ಲ. ನಾನು ಗೀಟು ಹೊಡೆದ ಅಚ್ಚಿನ ಅರ್ಜಿಯ ಜೊತೆಗೆ ಎರಡು ಪುಟದ ಮನವಿ ಬರೆದುಕೊಂಡು ಮುಂಜಾನೆಯ ಗಾಡಿ ಹತ್ತಿ ಧಾರವಾಡದ ದೊಡ್ಡ ಕಚೇರಿಗೆ ಹೋದೆ. ಅದರಲ್ಲಿ 'ಮನುಷ್ಯಮಾತ್ರನು ತಿನ್ನುವವನು ಅಥವಾ ಮಾರುವವನು ಎಂಬೆರಡೇ ಜಾತಿಗೆ ಸೇರಿದವನೆಂಬ ತಮ್ಮ ನಂಬಿಕೆಯನ್ನು ನಾನು ಒಪ್ಪಲಾರೆ' ಎಂಬ ಒಂದು ವಾಕ್ಯವಿತ್ತು. ಬರೆದ ಮೇಲೆ ಅದನ್ನು ನಾಲ್ಕು ಸಲ ಓದಿಕೊಂಡಿದ್ದೆ, ನನ್ನದು ಸರಕಾರಿ ಸಾಲೆಯ ನೌಕರಿ. ಆದರೂ ಹೊಡೆದುಹಾಕಲಿಲ್ಲ. ಅಲ್ಲಿಯ ಸಾಹೇಬರು ನಮ್ಮ ಕಡೆಯವರೇ, ವಯಸ್ಸಾದವರು. ಆ ವಾಕ್ಯದ ಹತ್ತಿರ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡರು.

"ಅಲ್ಲರಿ ಮಾಸ್ತರ, ಖರೇ ಹೇಳ್ರಿ. ಅಲ್ಲಿ ಕುಂತು ನೀವು ಮಾಡೂದಾದ್ರೂ ಏನು?"

"ಬೆಂಡ ನೋಡತೇನ್ರಿ."

"ಇಡೀ ದಿನಾ?"

"ಇಡೀ ದಿನಾ ರೀ."

ಅವರು ನನ್ನ ಮುಖವನ್ನು ಒಂದು ಸಲ ನೋಡಿದರು. ಕೆಂಪು ಶಾಯಿ ಅದ್ದಿ, ನನ್ನ ಎರಡು ಗೀಟುಗಳ ಮಗ್ಗುಲಿಗೆ 'ನೋಡುವುದಕ್ಕೆ ಮಾತ್ರ' ಎಂದು ಬರೆದು ಸಹಿ ಹಾಕಿದರು. ಹುಬ್ಬಳ್ಳಿಯ ಕಾರಕೂನರು ಅದನ್ನು ದರಪಟ್ಟಿಯಲ್ಲಿ ಹುಡುಕಿ ಹುಡುಕಿ ಸೋತು, ತಿನ್ನುವವರ ದರವನ್ನೇ ನನಗೂ ಹಾಕಿದರು. ಎರಡು ರೂಪಾಯಿ ಕೊಟ್ಟು, ಗೆದ್ದ ಪೈಲವಾನನ ಹಾಗೆ ಓಣಿಯ ನಡುವೆ ನಡೆದು ಬಂದೆ. ಅವ್ವ ಹಲಗೆಯನ್ನು ಇಬ್ಬರ ಕೈಯಿಂದ ಬೇರೆ ಬೇರೆಯಾಗಿ ಓದಿಸಿ ಖಾತ್ರಿ ಮಾಡಿಕೊಂಡಳು.

ಅದರ ಬೆನ್ನಿಗೇ ಬಂದ ರವಿವಾರ ಕೆರೆಯ ದಂಡೆಗೆ ಹೊಸ ಕಾವಲುಗಾರ ದ್ಯಾಮಪ್ಪ ಬಂದ. ನನ್ನ ಪರವಾನಗಿಯನ್ನು ಅಕ್ಷರ ಕೂಡಿಸಿ ಓದಿ ಮಡಚಿಕೊಟ್ಟ. ಅಷ್ಟರಲ್ಲಿ ಬೆಂಡು ಅಲುಗಿತು, ನಾನು ಬಾಯಿ ತೆರೆದೆ. "ಮಾಸ್ತರ್ರ, ನೋಡಾಕ ಅಷ್ಟ ಐತ್ರಿ. ಒದರಾಕ ಬರದಿಲ್ಲ" ಎಂದ ಆ ಭೂಪ. ಕಾಯ್ದೆ ಪಾಲಿಸುತ್ತೇನೆಂದು ಧಾರವಾಡದವರೆಗೆ ಹೋಗಿ ಬಂದವನು ನಾನು, ಏನೆನ್ನಲಿ? ಬಾಯಿ ಮುಚ್ಚಿದೆ. ಬೆಂಡು ಗುಳುಂ ಎಂದಿತು. ತುಟಿ ಕಚ್ಚಿ ಹಿಡಿದೆ. ಕಾಕಾ ತಾವಾಗಿಯೇ ಕೋಲು ಎಳೆದರು. ಮೊಳದುದ್ದದ ಮೀನು ದಂಡೆಯ ಮೇಲೆ ಬಂದು ಬಿತ್ತು. ಗಳಿಗೆ ಬಿಟ್ಟು ಇನ್ನೊಂದು. ಸಂಜೆಯೊಳಗೆ ನಾಲ್ಕು.

"ಕಾಕಾ, ನಿಮಗ ಬೆಂಡ ಕಾಣತೈತೇನ್ರಿ?"

ಕಾಕಾ ಮೀನಿನ ಬಾಯಿಂದ ಗಾಳ ಬಿಡಿಸುತ್ತ, ತಲೆ ಎತ್ತದೆ ಹೇಳಿದರು: "ಕೀಲಿಕೈಯ ಹಲ್ಲ ಕೊರಿಯೂ ಕಣ್ಣಿಗೆ ಬೆಂಡ ಕಾಣಲಾರದೇನ್ರಿ? ನೀವು ಒದರೂದಕ್ಕ ಮೀನ ಓಡಿ ಹೋಗತಿದ್ದೂ. ಇರಲಿ ಅಂತ ಬಿಟ್ಟಿದ್ದೆ. ನೀವು ದಿನಾಪೂರ್ತಿ ಮಾತಾಡತಿದ್ದದ್ದು ಅದೊಂದ ಮಾತ ನೋಡ್ರಿ."

ಎರಡು ವರ್ಷ ನಾನು ಉಪಕಾರ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಮುಂದಿನ ರವಿವಾರವೂ ಹೋದೆ. ಅವ್ವ ಇಬ್ಬರಿಗೆಂದು ರೊಟ್ಟಿ ಕಟ್ಟಿಕೊಟ್ಟಿದ್ದಳು. ಬೆಂಡು ಮುಳುಗಿತು. ನಾನು ಸಾಲೆಯ ದನಿಯಲ್ಲಿ "ಎಳೀರಿ!" ಎಂದು ಒದರಿದೆ. ಮೀನು ಓಡಿತು. ಹುಣಸೆಮರದ ಕೆಳಗಿನಿಂದ ದ್ಯಾಮಪ್ಪ ಎದ್ದು ಬಂದ. "ಇರಲಿ ಬಿಡಪಾ," ಎಂದರು ಕಾಕಾ, ಗಾಳಕ್ಕೆ ಹೊಸ ಹುಳ ಸಿಕ್ಕಿಸುತ್ತ, "ಭಾಳ ಚಾಲಾಕಿ ಮೀನ ಇತ್ತು."