ಮಾವನವರ ಕಾಲ್ಗುಣ ಮತ್ತು ನಮ್ಮ ಮನೆಯ ತಣ್ಣೀರು

ಬಿಸಿನೀರು ಬರುತ್ತಿಲ್ಲ ಎಂದು ಹೇಳಿಕೊಂಡರೆ ಜನ ಅಯ್ಯೋ ಪಾಪ ಎನ್ನುತ್ತಾರೆ. ನೀರೇ ಬರುತ್ತಿಲ್ಲ ಎಂದರೆ, ನಮ್ಮ ಸೀಮೆಯಲ್ಲಿ, "ನಮ್ಮನೇಲೂ ಅಷ್ಟೇ ಬನ್ನಿ" ಎಂದು ಪಕ್ಕದಲ್ಲಿ ಕೂರಿಸಿಕೊಂಡು ತಮ್ಮ ಕಥೆಯನ್ನೂ ಹೇಳುತ್ತಾರೆ. ಆದರೆ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು ಬರುತ್ತಿದೆ ಎಂದು ಗೋಳಾಡುವವನಿಗೆ ಈ ಭೂಮಿಯ ಮೇಲೆ ಗತಿಯಿಲ್ಲ. ನಾನು ಸ್ಟಾಫ್ ರೂಮಿನಲ್ಲಿ ಹೇಳಿ ನೋಡಿದೆ. ಗಣಿತದ ಮೇಷ್ಟ್ರು ಪೇಪರಿನಿಂದ ತಲೆ ಎತ್ತದೆಯೇ, "ಪುಣ್ಯವಂತ್ರು ಕಣ್ರೀ ನೀವು. ನಮ್ಮನೇಲಿ ಬಿಸಿನೀರಿನ ನಲ್ಲೀಲೂ ತಣ್ಣೀರೇ" ಎಂದರು. ಎಲ್ಲರೂ ನಕ್ಕರು. ನಗದೆ ಉಳಿದವಳು ಒಬ್ಬಳೇ, ಮನೆಯಲ್ಲಿದ್ದ ನನ್ನ ಹೆಂಡತಿ ಸರೋಜ. ಅವಳ ಹುಳುಗಳು ಆಗ ನಾಲ್ಕನೇ ಜ್ವರಕ್ಕೆ ಕೂತಿದ್ದವು.

ಹುಳು ಎಂದರೆ ರೇಷ್ಮೆ ಹುಳು. ಶಿಡ್ಲಘಟ್ಟದಿಂದ ಚಿಂತಾಮಣಿಗೆ ಹೋಗುವ ರಸ್ತೆಯಲ್ಲಿ, ಊರು ಮುಗಿದ ಮೇಲೆ ನಮ್ಮ ಮನೆ. ಮನೆಯ ಹಿಂದೆ ಹುಳುವಿನ ಶೆಡ್ಡು, ಅದರ ಹಿಂದೆ ಹಿಪ್ಪುನೇರಳೆ ತೋಟ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ, ಸರೋಜ ಹುಳು ಮೇಯಿಸುತ್ತಾಳೆ. ಇಬ್ಬರಲ್ಲಿ ಯಾರ ಮಾತು ಕೇಳಲಾಗುತ್ತದೆ ಎಂಬುದು ಬೇರೆ ವಿಷಯ. ಹುಳು ಪೊರೆ ಬಿಡುವುದಕ್ಕೆ ಮೇವು ಬಿಟ್ಟು ಸುಮ್ಮನೆ ತಲೆ ಎತ್ತಿ ಕೂರುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರದಿಂದ ಎದ್ದ ಹುಳುವಿನ ಹಸಿವು ಯಾರಿಗೂ ಬೇಡ. ಹಾಕಿದ ಸೊಪ್ಪು ಹಾಕಿದಂತೆ ಮಾಯ. ಆಗ ಶೆಡ್ಡು ತಂಪಾಗಿರಬೇಕು, ಸೊಪ್ಪು ಬಾಡಬಾರದು. ಅದಕ್ಕೇ ಬೇಸಿಗೆಯಲ್ಲಿ ಕಿಟಕಿಗಳಿಗೆಲ್ಲ ಗೋಣಿತಾಟು ಕಟ್ಟಿ ನೀರು ಹೊಡೆಯುತ್ತಲೇ ಇರಬೇಕು. ಆ ನೀರೇ ಬಿಸಿ ಬಂದರೆ? ಶೆಡ್ಡು ಇಡ್ಲಿ ಪಾತ್ರೆಯಾಗುತ್ತದೆ. ಹುಳುವಿಗೆ ಸಪ್ಪೆ ರೋಗ ಬಂದು, ಗೂಡು ಕಟ್ಟುವ ಹೊತ್ತಿಗೆ ಇಡೀ ಬೆಳೆ ತಿಪ್ಪೆಗೆ ಹೋಗುತ್ತದೆ. ಕಳೆದ ಬೇಸಿಗೆಯ ಬೆಳೆ ಬರೀ ಬಿಸಿಲಿನ ಧಗೆಗೇ ಹಾಗೆ ಹೋಗಿತ್ತು. ಸರೋಜ ಎರಡು ದಿನ ಊಟ ಬಿಟ್ಟಿದ್ದಳು. ಈ ಸಲವೂ ಹೋದರೆ ಶೆಡ್ಡಿಗೆ ಬೀಗ ಹಾಕಿಬಿಡುತ್ತೇನೆ ಎಂದು ಮೊದಲೇ ಹೇಳಿದ್ದಳು. ಅವಳು ಹೇಳಿದ್ದನ್ನು ಮಾಡುವವಳು.

ಇಲ್ಲಿ ನನ್ನ ಸ್ನಾನದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಏಪ್ರಿಲ್ ತಿಂಗಳಲ್ಲೂ ನನಗೆ ಬೆಚ್ಚನೆಯ ನೀರೇ ಬೇಕು. ಚಿಕ್ಕಂದಿನಲ್ಲಿ ಅಮ್ಮ ಹಂಡೆಯಿಂದ ನೀರು ತೋಡಿ, ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, "ಹದವಾಗಿದೆ, ಬಾರಪ್ಪ" ಎನ್ನುತ್ತಿದ್ದಳು. ಆ ಹದ ಮತ್ತೆ ಸಿಗಲೇ ಇಲ್ಲ. ಈಗ ಛಾವಣಿಯ ಮೇಲೆ ಸೋಲಾರ್ ಇದೆ. ಬಚ್ಚಲಲ್ಲಿ ಬಿಸಿಗೊಂದು, ತಣ್ಣಗೊಂದು ತಿರುಗಣೆ ಇದ್ದು, ಎರಡು ನೀರೂ ಒಂದೇ ಮೂತಿಯಲ್ಲಿ ಬೀಳುವ ನಲ್ಲಿ ಇದೆ. ದಿನಾ ಬೆಳಿಗ್ಗೆ ಅದನ್ನಿಷ್ಟು ಇದನ್ನಿಷ್ಟು ತಿರುಗಿಸಿ ಹದ ಹಿಡಿಯುವಷ್ಟರಲ್ಲಿ ಶಾಲೆಯ ಗಂಟೆ ಹೊಡೆದಿರುತ್ತಿತ್ತು. ಹಾಗಾಗಿ ಯುಗಾದಿಯಾದ ಮೇಲೆ ನಾನೊಂದು ಉಪಾಯ ಮಾಡಿದೆ. ಮೂತಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ, ಪೈಪಿನ ತುದಿಗೆ ಒಂದು ಪುಟ್ಟ ನಲ್ಲಿ ಹಾಕಿದೆ. ಮೇಲಿನ ಎರಡು ತಿರುಗಣೆಗಳನ್ನೂ ಹದಕ್ಕೆ ತೆರೆದು ಹಾಗೇ ಬಿಡುವುದು, ತುದಿಯ ನಲ್ಲಿಯನ್ನು ಮಾತ್ರ ತೆಗೆದು ಮುಚ್ಚುವುದು. ತೆಗೆದರೆ ಅಮ್ಮನ ಹದ! ಮೊದಲ ದಿನ ನಾನು ಬಚ್ಚಲಲ್ಲೇ ಒಬ್ಬನೇ ನಕ್ಕೆ.

ನೀರಿನ ತೊಂದರೆ ಶುರುವಾದದ್ದೂ ಆಗಲೇ. ಅಡುಗೆಮನೆ, ಕಕ್ಕಸು, ಶೆಡ್ಡು, ಎಲ್ಲ ಕಡೆ ತಣ್ಣೀರಿನ ನಲ್ಲಿಯಲ್ಲಿ ಬಿಸಿನೀರು. ಸರೋಜ ಶೆಡ್ಡಿನಿಂದಲೇ ಕೂಗಿದಳು: "ರೀ, ವಿಜ್ಞಾನದ ಮೇಷ್ಟ್ರೇ, ಇದೇನು ನೋಡಿ!" ನಾನು ಆಳವಾಗಿ ಯೋಚಿಸಿ, ಬಿಸಿಲಿಗೆ ಟ್ಯಾಂಕು ಕಾದಿದೆ ಎಂದು ತೀರ್ಪು ಕೊಟ್ಟೆ. ಛಾವಣಿ ಹತ್ತಿ ಟ್ಯಾಂಕಿಗೆ ತೆಂಗಿನ ಗರಿ ಹೊದಿಸಿದೆ. ಪೈಪುಗಳಿಗೆ ಹಳೆಯ ಪಂಚೆ ಸುತ್ತಿದೆ. ಬೆಳಗಿನ ಜಾವ, ಸೂರ್ಯ ಇನ್ನೂ ಕಣ್ಣು ಬಿಡುವ ಮೊದಲೇ, ಬಿಸಿನೀರು ಬಂತು. ಪ್ಲಂಬರು ಬಂದು ಛಾವಣಿಯ ಮೇಲೆ ಒಂದು ಬೀಡಿ ಸೇದಿ, "ಸೋಲಾರು ಉಲ್ಟಾ ಹೊಡೀತೈತೆ ಸಾರ್" ಎಂದು ಒಂದು ವಾಲ್ವು ಹಾಕಿ ಹೋದ. ಆಮೇಲೂ ಅದೇ ಕಥೆ. ಸರೋಜ ಬಾವಿಯ ಕಾಲದವರ ಹಾಗೆ ಪಕ್ಕದ ಮನೆಯಿಂದ ಕೊಡದಲ್ಲಿ ನೀರು ಹೊತ್ತು ಗೋಣಿತಾಟು ನೆನೆಸತೊಡಗಿದಳು. ನಾನೂ ಒಂದೆರಡು ಕೊಡ ಹೊತ್ತು, ಸೊಂಟ ಹಿಡಿದುಕೊಂಡು ಕೂತೆ.

ಅಷ್ಟರಲ್ಲಿ ಕೆಂಚಾರ್ಲಹಳ್ಳಿಯಿಂದ ಮಾವನವರು ಬಂದರು. ಮಗಳ ಹುಳು ಜ್ವರದಿಂದ ಎದ್ದಿವೆ ಎಂದರೆ ಅವರಿಗೆ ಊರಲ್ಲಿ ಕಾಲು ನಿಲ್ಲುವುದಿಲ್ಲ. ಬಂದವರೇ ಹುಳು ನೋಡಿ, ನಾನು ಶಾಲೆಗೆ ಹೊರಟ ಮೇಲೆ ಸ್ನಾನ ಮಾಡಿ, ಮುದ್ದೆ ಉಂಡು ಮಲಗಿದರು. ಮಧ್ಯಾಹ್ನ ಶೆಡ್ಡಿನ ನಲ್ಲಿ ತಿರುಗಿಸಿದರೆ ಐಸಿನಂಥ ನೀರು! ಸಂಜೆ ನಾನು ಬಂದಾಗ ಸರೋಜಳ ಮುಖ ನೋಡಬೇಕಿತ್ತು. "ನಮ್ಮಪ್ಪನ ಕಾಲ್ಗುಣ ನೋಡ್ರೀ" ಎಂದಳು. ನಾನು ಕಾಕತಾಳೀಯ ಎಂದರೇನು ಎಂದು ವಿವರಿಸಿದೆ. ಅವಳು ಎದ್ದು ಹೋಗಿ ಅಪ್ಪನಿಗೆ ಕಾಫಿ ಕೊಟ್ಟಳು. ಮೂರು ದಿನ ಹಾಗೇ ತಂಪು. ನಾಲ್ಕನೇ ದಿನ ಮಾವನವರು ಯಾರದೋ ನಾಮಕರಣಕ್ಕೆಂದು ಊರಿಗೆ ಹೋದರು, ನಲ್ಲಿಯಲ್ಲಿ ಬಿಸಿನೀರು ಬಂತು. ಸರೋಜ ಫೋನು ಮಾಡಿ, "ಅಪ್ಪಾ, ಊಟ ಮುಗಿಸ್ಕೊಂಡು ಸಾಯಂಕಾಲದ ಬಸ್ಸಿಗೇ ಬಂದ್ಬಿಡು" ಎಂದಳು. ಬಂದರು. ಮರುದಿನ ಮತ್ತೆ ತಣ್ಣೀರು. ನನ್ನ ಇಪ್ಪತ್ತು ವರ್ಷದ ವಿಜ್ಞಾನ ಅಲ್ಲಾಡಿಹೋಯಿತು. ಜೊತೆಗೆ ನನಗೊಂದು ಖಾಸಗಿ ಸಂಕಟ: ಮಾವನವರು ಇದ್ದಷ್ಟು ದಿನವೂ ಬೆಳಿಗ್ಗೆ ನನ್ನ ಹದ ಕೆಟ್ಟಿರುತ್ತಿತ್ತು. ಹಿರಿಯರಿಗೆ ಏನನ್ನುವುದು? ಗೊಣಗಿಕೊಂಡು ಮತ್ತೆ ಹದ ಹಿಡಿದು ಸ್ನಾನ ಮಾಡುತ್ತಿದ್ದೆ.

ಭಾನುವಾರ ನಾನು ತಡವಾಗಿ ಎದ್ದೆ. ಮಾವನವರ ಸ್ನಾನ ಮುಗಿದಿತ್ತು. ನಾನು ಆಮೇಲೆ ಹೋಗಿ, ಹದ ಹಿಡಿದು, ಸ್ನಾನ ಮುಗಿಸಿ ಬಂದೆ. ಅಷ್ಟರಲ್ಲಿ ಶೆಡ್ಡಿನಿಂದ ಕೂಗು: "ರೀ! ಬಿಸಿನೀರು ಬಂತು! ಅಪ್ಪ ಇಲ್ಲೇ ಇದಾರಲ್ರೀ!" ಅವಳ ದನಿಯಲ್ಲಿ ಅಳುವಿತ್ತು. ಹುಳು ಹಣ್ಣಾಗುವುದಕ್ಕೆ, ಎಂದರೆ ಗೂಡು ಕಟ್ಟುವುದಕ್ಕೆ, ಇನ್ನು ಒಂದೆರಡೇ ದಿನ ಉಳಿದಿತ್ತು. ಜಗುಲಿಯ ಮೇಲಿದ್ದ ಮಾವನವರು ತಮ್ಮ ಕಾಲುಗಳನ್ನೇ ಅನುಮಾನದಿಂದ ನೋಡಿಕೊಂಡರು. ನನಗೆ ತಲೆಯಲ್ಲಿ ಏನೋ ಮಿಣುಕ್ ಎಂದಿತು.

"ಮಾವ, ನೀವು ಸ್ನಾನ ಆದ್ಮೇಲೆ ಏನು ಮಾಡ್ತೀರಿ?"

"ಏಮಪ್ಪಾ ಇದು ಪ್ರಶ್ನೆ! ಮೈ ಒರೆಸ್ಕೊಂತೀನಿ."

"ಅದಕ್ಕೆ ಮುಂಚೆ?"

"ನೀರು ಬರ್ದಂಗೆ ನಲ್ಲಿ ಕಟ್ತೀನಿ. ಎರಡೂ ಗಟ್ಟಿಯಾಗಿ ಕಟ್ತೀನಿ. ನೀವು ಓದ್ದೋರು, ತೆಗ್ದಿಟ್ಟು ಬತ್ತೀರ. ನನ್ ಕೈಲಿ ಅದು ಆಗಲ್ಲಪ್ಪ."

ಟವೆಲ್ಲಿನಲ್ಲೇ ಬಚ್ಚಲಿಗೆ ಓಡಿದೆ. ಎರಡೂ ತಿರುಗಣೆ ಕಟ್ಟಿದೆ. ಸ್ವಲ್ಪ ಹೊತ್ತಿಗೆ ಶೆಡ್ಡಿನಿಂದ ಸರೋಜ, "ತಣ್ಣಗಾಯ್ತು!" ಎಂದಳು. ತೆಗೆದೆ. "ಬಿಸಿ ರೀ!" ಕಟ್ಟಿದೆ. "ತಣ್ಣಗೆ!" ತುದಿಯ ನಲ್ಲಿ ಮುಚ್ಚಿ, ಮೇಲಿನ ಎರಡನ್ನೂ ತೆರೆದಿಟ್ಟರೆ ಬಿಸಿನೀರು ಸುಮ್ಮನೆ ಕಾಯುತ್ತ ನಿಲ್ಲುವುದಿಲ್ಲ. ಬೇರೆಲ್ಲಿ ತಣ್ಣೀರಿನ ನಲ್ಲಿ ತೆರೆದರೂ, ನನ್ನ ಹದದ ದಾರಿಯಿಂದ ತಣ್ಣೀರಿನ ಪೈಪಿಗೆ ನುಗ್ಗಿ ಅಲ್ಲಿ ಬೀಳುತ್ತದೆ. ಎಂಟನೇ ಕ್ಲಾಸಿನ ಮಕ್ಕಳಿಗೆ ನೀರು ಒಂದು ಪಾತ್ರೆಯಿಂದ ಇನ್ನೊಂದಕ್ಕೆ ಹೇಗೆ ಹರಿಯುತ್ತದೆ ಎಂದು ಪ್ರತಿವರ್ಷ ಚಿತ್ರ ಬರೆಸುವವನು ನಾನೇ. ಅಂದೇ ರಬ್ಬರ್ ಪೈಪು ಕಿತ್ತು ಅಟ್ಟಕ್ಕೆ ಎಸೆದೆ. ಎರಡು ದಿನಕ್ಕೆ ಹುಳುಗಳು ಮೈ ಹೊಳೆಯುತ್ತ ಹಣ್ಣಾದವು. ಸರೋಜ ಅವನ್ನು ಬಿದಿರಿನ ಸುರುಳಿ ತಟ್ಟಿಗೆ, ಎಂದರೆ ಚಂದ್ರಿಕೆಗೆ ಬಿಟ್ಟು, ಗೂಡು ಕಟ್ಟುವುದನ್ನು ಮಗು ನೋಡುವಂತೆ ನೋಡುತ್ತ ನಿಂತಳು. ನನಗೂ ಕಣ್ಣು ತುಂಬಿ ಬಂತು.

ಆ ರಾತ್ರಿ ಊಟಕ್ಕೆ ಕೂತಾಗ ನಾನು ವಿಜ್ಞಾನದ ಮರ್ಯಾದೆ ಉಳಿಸಲು ಹೊರಟೆ. ಎರಡು ಲೋಟ, ಒಂದು ಸ್ಟ್ರಾ ಇಟ್ಟುಕೊಂಡು ಎಲ್ಲ ವಿವರಿಸಿದೆ. ತಪ್ಪು ನನ್ನದೇ, ಕಾಲ್ಗುಣ ಗೀಲ್ಗುಣ ಏನೂ ಇಲ್ಲ ಎಂದೆ. ಸರೋಜ ಪೂರ್ತಿ ಕೇಳಿದಳು. ಅದೇ ಅಪಾಯದ ಸೂಚನೆ ಎಂದು ನನಗೆ ಹೊಳೆಯಬೇಕಿತ್ತು.

"ಅಪ್ಪ ಬರದೇ ಇದ್ದಿದ್ರೆ ಇದು ನಿಮಗೆ ಗೊತ್ತಾಗ್ತಿತ್ತಾ?"

"ಇಲ್ಲ."

"ಅಪ್ಪ ಬಂದ್ಮೇಲೆ ತಾನೇ ನೀರು ಸರಿಹೋಗಿದ್ದು, ಹುಳ ಉಳಿದಿದ್ದು?"

"ಹೌದು. ಆದರೆ..."

"ಮತ್ತೆ ಕಾಲ್ಗುಣ ಅಂದ್ರೆ ಇನ್ನೇನ್ರೀ?"

ನಾನು ಲೋಟಗಳನ್ನೂ ಸ್ಟ್ರಾವನ್ನೂ ಪಕ್ಕಕ್ಕೆ ಸರಿಸಿ ಮುದ್ದೆ ಮುರಿದೆ. ಮಾವನವರು ಮುದ್ದೆಯಿಂದ ಕೈ ತೆಗೆದು, ನನ್ನ ಮೇಲೆ ಕರುಣೆಯಿಟ್ಟು, "ಬಿಡಮ್ಮ, ಮೇಷ್ಟ್ರು ಕೈಗುಣಾನೂ ಐತೆ ಇದ್ರಲ್ಲಿ" ಎಂದರು. ಮೊನ್ನೆ ಹೊಸ ಮರಿಹುಳು ತಂದೆವು. ಕೆಂಚಾರ್ಲಹಳ್ಳಿಗೆ ಫೋನು ಮಾಡಿ, "ಮಾವ, ಬಂದು ಒಂದು ಸ್ನಾನ ಮಾಡಿ ಹೋಗಿ" ಎಂದು ಕರೆದವನು ನಾನೇ.