ಒಂದು ಕಪ್, ಎರಡು ಹರಕೆ

ರೊಟ್ಟಿ ತಟ್ಟುವವಳಿಗೆ ಒಳ್ಳೆಯ ಸುದ್ದಿಯನ್ನಾಗಲಿ ಕೆಟ್ಟ ಸುದ್ದಿಯನ್ನಾಗಲಿ ಹೇಳಬಾರದು ಎಂಬುದು ನನ್ನ ಬಹುದಿನದ ಅಭಿಪ್ರಾಯ. ಒಳ್ಳೆಯದಾದರೆ ರೊಟ್ಟಿ ಸೀಯುತ್ತದೆ, ಕೆಟ್ಟದ್ದಾದರೆ ಹರಿಯುತ್ತದೆ. ಒಳ್ಳೆಯದೂ ಅಲ್ಲದ ಕೆಟ್ಟದ್ದೂ ಅಲ್ಲದ ಸುದ್ದಿ ಬಂದರೆ ಏನಾಗುತ್ತದೆ ಎಂಬುದು ಆ ದಿನದವರೆಗೂ ನನಗೆ ಗೊತ್ತಿರಲಿಲ್ಲ. ಕೊಟ್ಟೂರಿನ ನಮ್ಮ ಅಡುಗೆಮನೆಯಲ್ಲಿ ಏಳನೆಯ ರೊಟ್ಟಿಯನ್ನು ಅಂಗೈ ಮೇಲೆ ಎತ್ತಿಕೊಂಡು ಇನ್ನೇನು ಹಂಚಿಗೆ ಹಾಕಬೇಕು, ಕೂಡ್ಲಿಗಿಯ ಮೈದಾನದಿಂದ ನಮ್ಮ ಮನೆಯವರ ಫೋನು ಬಂತು. ಮಗಳು ಅನಿತಾ ಡಿಗ್ರಿ ಕಾಲೇಜಿನ ಕಬಡ್ಡಿ ತಂಡದಲ್ಲಿದ್ದಾಳೆ. ಅವತ್ತು ಕಾಲೇಜು ಕಾಲೇಜುಗಳ ನಡುವಿನ ಫೈನಲ್. ಕಿರುಬೆರಳಲ್ಲಿ ಫೋನು ಒತ್ತಿದೆ.

"ಸಮ ಆಗೈತಿ ನೋಡು" ಎಂದರು.

"ಅಂದ್ರ ಗೆದ್ರೋ ಸೋತ್ರೋ?"

"ಎರಡೂ ಅಲ್ಲ. ಇನ್ನ ಐದೈದು ರೈಡ್ ಕೊಡ್ತಾರ. ದೇವ್ರಿಗೆ ಕೈ ಮುಗಿ."

ಕೈಯಲ್ಲಿ ರೊಟ್ಟಿ ಇರುವುದನ್ನು ಮರೆತು ಗೂಡಿನ ದೇವರ ಕಡೆ ತಿರುಗಿ ಕೈ ಮುಗಿದುಬಿಟ್ಟೆ. ರೊಟ್ಟಿಗೆ ಏನಾಗುತ್ತದೆ ಎಂದರೆ, ಮುದ್ದೆಯಾಗುತ್ತದೆ.

ಮುಂದಿನ ಸುದ್ದಿ ಬರುವ ಹೊತ್ತಿಗೆ ನಾನು ಒಲೆ ಆರಿಸಿ ಕುಳಿತಿದ್ದೆ. ಐದೈದು ರೈಡಿನಲ್ಲೂ ಸಮವಾಯಿತಂತೆ. ಆಮೇಲೆ ಟಾಸ್ ಹಾಕಿದರಂತೆ. ಟಾಸ್ ಗೆದ್ದವರಿಗೆ ಒಂದೇ ಒಂದು ರೈಡು. ಅದರಲ್ಲಿ ಯಾರಿಗೆ ಅಂಕ ಬಂತೋ ಕಪ್ ಅವರದು. ಅದು ಖಾಲಿ ಹೋದರೆ ಮಾತ್ರ ಎದುರಿನವರಿಗೂ ಒಂದು. ಟಾಸ್ ಗೆದ್ದವರು ಹರಪನಹಳ್ಳಿಯವರು. ರೈಡಿಗೆ ಬಂದವಳು ಸುಮಾ, ಹರಪನಹಳ್ಳಿಗೆ ಕೊಟ್ಟಿರುವ ನನ್ನ ಸ್ವಂತ ಅಕ್ಕ ಗಿರಿಜಕ್ಕನ ಮಗಳು. ಮುಟ್ಟಿದ್ದು ಯಾರನ್ನು ಎಂದರೆ, ನಮ್ಮ ಅನಿತಾಳನ್ನು. ನಾನೇ ಎಣ್ಣೆ ಹಚ್ಚಿ ಎರೆದು ಬೆಳೆಸಿದ ಎರಡು ಕೂಸುಗಳಲ್ಲಿ ಒಂದು ಇನ್ನೊಂದರ ಮೊಣಕೈ ಸವರಿಕೊಂಡು ಕಪ್ ಎತ್ತಿಕೊಂಡು ಹೋಯಿತು. ಅಳುವುದೋ ನಗುವುದೋ ಎಂದು ತೀರ್ಮಾನಿಸಲು ನನಗೂ ಒಂದೈದು ರೈಡು ಬೇಕಾಗಿತ್ತು.

ಅನಿತಾ ಬಂದವಳೇ ಚೀಲವನ್ನು ಮೂಲೆಗೆಸೆದು ಶಪಥ ಮಾಡಿದಳು. "ಈ ರೂಲ್ಸ್ ಬದಲಾಗೋತನ ನಾ ಅಂಗಳಕ್ಕ ಕಾಲಿಡಂಗಿಲ್ಲ. ಸೋಮವಾರನೂ ಹೋಗಂಗಿಲ್ಲ." ಸೋಮವಾರ ಎಂದರೆ ವಿಶ್ವವಿದ್ಯಾಲಯದ ತಂಡಕ್ಕೆ ಆಯ್ಕೆ. ಮೂರು ವರ್ಷದಿಂದ ಆ ಒಂದು ದಿನಕ್ಕಾಗಿ ಮಂಡಿ ತರಚಿಕೊಂಡ ಹುಡುಗಿ. ಇದು ಕೊನೆಯ ವರ್ಷ. ಈಗ ಹೋಗದಿದ್ದರೆ ಆಮೇಲೆ ಹೋಗುವುದಕ್ಕೆ ಸೋಮವಾರವೇ ಇಲ್ಲ. ನನಗೆ ಕಪ್ಪಿನ ಚಿಂತೆ ಅಲ್ಲಿಗೆ ಬಿಟ್ಟುಹೋಗಿ ಸೋಮವಾರದ ಚಿಂತೆ ಹಿಡಿಯಿತು.

ನಮ್ಮ ಮನೆಯವರು ಹರೆಯದಲ್ಲಿ ಕಬಡ್ಡಿ ಆಡಿದವರು. ಆ ಕಾಲದ ಗುರುತಾಗಿ ಎಡಗೈಯ ಒಂದು ಬೆರಳು ಇವತ್ತಿಗೂ ಬೇರೆ ದಿಕ್ಕಿಗೆ ನೋಡುತ್ತದೆ. ಅವರಿಗೆ ರೂಲ್ಸ್ ಎಂದರೆ ಶಾಸ್ತ್ರ. ನಾಲ್ಕು ದಿನ ಊಟಕ್ಕೆ ಕುಳಿತಾಗಲೆಲ್ಲ ಅಪ್ಪ ಮಗಳದ್ದು ಇದೇ ವಾದ.

"ಹಿಡಿದಿದ್ರ ನಾವೇ ಗೆಲ್ತಿದ್ವಿ. ಹಿಡೀಬ್ಯಾಡ್ರಿ ಅಂತ ರೂಲ್ಸಿನಾಗ ಬರದೈತೇನು?"

"ಅಪ್ಪಾ, ಟಾಸ್ ಗೆದ್ದೋರು ಎಲ್ರೂ ರೈಡೇ ಕೇಳ್ತಾರ. ನಾವು ಹಿಡೀತೀವಿ ಅಂತ ಒಬ್ರಾದ್ರೂ ಅಂದಾರೇನು? ರೂಪಾಯಿ ಮ್ಯಾಲೆ ಹಾರ್ಸಿ ಕಪ್ ಕೊಡೋದಾದ್ರ ನಾವ್ಯಾಕ ಬೆವರು ಸುರಿಸ್ಬೇಕು? ಅವ್ರಿಗೊಂದು ಕೊಟ್ರ ನಮಗೂ ಒಂದು ಕೊಡ್ಬೇಕು."

"ಆವಾಗೂ ಸಮ ಆದ್ರ?"

"ಮತ್ತ ಒಂದೊಂದು."

"ಹಂಗ ಒಂದೊಂದು ಅಂತ ಹೊಂಟ್ರ ಕೊಟ್ಟೂರಿನ ಬಸ್ಸು ನಿನಗೋಸ್ಕರ ನಿಂದ್ರತೈತೇನು?"

ನಡುವೆ ನಾನು, "ಕಪ್ ಆರು ತಿಂಗಳು ಅಲ್ಲಿರ್ಲಿ, ಆರು ತಿಂಗಳು ಇಲ್ಲಿರ್ಲಿ. ಹಬ್ಬಕ್ಕ ಮಗಳನ್ನ ಕರ್ಕೊಂಡು ಬಂದಂಗ ಕರ್ಕೊಂಡು ಬಂದ್ರಾತು" ಎಂದೆ. ಇಬ್ಬರೂ ಒಟ್ಟಿಗೆ ನನ್ನ ಕಡೆ ನೋಡಿದರು. ಆ ನಾಲ್ಕು ದಿನದಲ್ಲಿ ಅಪ್ಪ ಮಗಳು ಒಮ್ಮತಕ್ಕೆ ಬಂದದ್ದು ಅದೊಂದೇ ವಿಷಯದಲ್ಲಿ.

ಹಾಗೆ ನೋಡಿದರೆ ಸಮವಾದದ್ದನ್ನು ಬಿಡಿಸುವುದರಲ್ಲಿ ನಮಗೆ ಹೆಂಗಸರಿಗಿರುವ ಅನುಭವ ಯಾವ ಅಂಪೈರಿಗೂ ಇಲ್ಲ. ನಮ್ಮ ಓಣಿಯ ನಲ್ಲಿಗೆ ಎರಡು ಕೊಡ ಒಂದೇ ಸಲ ಬಂದರೆ ಯಾರೂ ಟಾಸ್ ಹಾಕುವುದಿಲ್ಲ. ಯಾರ ಒಲೆಯ ಮೇಲೆ ಎಸರು ಕುದಿಯುತ್ತಿದೆಯೋ ಅವರಿಗೆ ಮೊದಲು. ಎಷ್ಟು ಚೆಂದದ ನಿಯಮ! ಅದರಿಂದಾಗಿ ಒಲೆಯನ್ನೇ ಹಚ್ಚದೆ "ಅಯ್ಯೋ, ಎಸರು ಉಕ್ಕಾಕತ್ತೈತ್ರೀ" ಎಂದು ಓಡಿಬರುವವರೂ ಇದ್ದಾರೆ. ಹೆಸರು ಹೇಳುವುದಿಲ್ಲ, ನಾನೂ ಆ ಓಣಿಯಲ್ಲೇ ಇರಬೇಕಲ್ಲ. ನಮ್ಮ ಅಜ್ಜಿಯದು ಇನ್ನೂ ಚುಟುಕು ಪದ್ಧತಿ. ಕೊನೆಯ ಹೋಳಿಗೆಗೆ ನಾನೂ ಗಿರಿಜಕ್ಕನೂ ಜುಟ್ಟು ಹಿಡಿದುಕೊಂಡರೆ, ಅದನ್ನು ತಾನೇ ತಿಂದು ಕೈ ತೊಳೆದುಕೊಳ್ಳುತ್ತಿದ್ದಳು. ಅದರ ಮೇಲೆ ಮನವಿ ಸಲ್ಲಿಸಲು ಯಾವ ಸಮಿತಿಯೂ ಇರಲಿಲ್ಲ.

ಈ ಗಿರಿಜಕ್ಕನೇ ಮೂರನೆಯ ದಿನ ಫೋನು ಮಾಡಿದಳು. ಗೆದ್ದವರ ಧ್ವನಿಯನ್ನು ಆದಷ್ಟು ಅಡಗಿಸಿಕೊಂಡು ಆಚೀಚೆ ಮಾತಾಡಿ ಕೊನೆಗೆ, "ಲೇ, ಉಚ್ಚಂಗೆಮ್ಮಗ ಉಡಿ ತುಂಬಾಕ ಹೋಗ್ಬೇಕು, ನೀನೂ ಬಾ. ಹರಕಿ ಹೊತ್ತಿದ್ದೆ" ಎಂದಳು.

"ಯಕ್ಕಾ, ನಾನೂ ಆಯಮ್ಮಗೇ ಹೊತ್ತಿದ್ದೆ! ನೀ ಏನಂತ ಬೇಡ್ಕಂಡಿದ್ದಿ?"

"ಮಗಳು ಸೋತಳು ಅನ್ನಿಸ್ಕೋಬಾರ್ದು ತಾಯಿ, ಅಂತ."

"ನಾನೂ ಅಷ್ಟೇ ಬೇಡಿದ್ದು!"

ಒಬ್ಬಳೇ ತಾಯಿಯ ಮುಂದೆ ಒಂದೇ ಅರ್ಜಿಯನ್ನು ಎದುರಾಳಿಗಳಿಬ್ಬರೂ ಇಟ್ಟರೆ ಅವಳಾದರೂ ಏನು ಮಾಡಿಯಾಳು? ಇಬ್ಬರಿಗೂ ಹೂಂ ಎಂದಳು, ಪಂದ್ಯ ಸಮವಾಯಿತು. ಆಮೇಲಿನ ಟಾಸು ಮನುಷ್ಯರು ಹಚ್ಚಿಕೊಂಡ ಉಸಾಬರಿ. ಹಾಗಾದ ಮೇಲೆ ಕಪ್ ಬರದಿದ್ದರೂ ನನ್ನ ಹರಕೆ ಸಂದಂತೆಯೇ, ಉಡಿ ತುಂಬಲೇಬೇಕು ಎಂದು ಅಕ್ಕ ತೀರ್ಪು ಕೊಟ್ಟಳು. "ಮುಂದಿನ ಸಲ ನೀ ಬೇರೆ ದೇವ್ರಿಗೆ ಹೊತ್ಕೋ" ಎಂದೂ ಸೇರಿಸಿದಳು. "ನೀನೇ ಹೊತ್ಕೋ" ಎಂದು ಫೋನಿಟ್ಟೆ. ಆದರೂ ಬುಧವಾರ ಇಬ್ಬರೂ ಸೇರಿ ಆ ತಾಯಿಯ ಬೆಟ್ಟ ಹತ್ತುವುದೆಂದು ನಿಶ್ಚಯವಾಯಿತು.

ಭಾನುವಾರ ಮಧ್ಯಾಹ್ನ ಸುಮಾಳ ಫೋನು. "ಚಿಗವ್ವಾ, ಅನಿ ನನ್ನ ಫೋನೇ ಎತ್ತಂಗಿಲ್ಲ. ಸಿಟ್ಟಾಗ್ಯಾಳೇನು?"

"ಅಕಿಗೆ ರೂಲ್ಸಿನ ಮ್ಯಾಲೆ ಸಿಟ್ಟವ್ವಾ, ನಿನ್ನ ಮ್ಯಾಲಲ್ಲ."

"ರೂಲ್ಸಲ್ಲ ಚಿಗವ್ವಾ. ಅಕಿ ನಿಮಗ ಹೇಳಿಲ್ಲೇನು? ನನ್ನ ಬೆರಳು ತಾಕಿದ್ದು ಅಂಪೈರ್ ನೋಡೇ ಇರಲಿಲ್ಲ. ನನಗೂ ಅನುಮಾನ ಇತ್ತು. ರೈಡ್ ಖಾಲಿ ಅಂತ ಅವ್ರು ಕೈ ಮಾಡೋದ್ರಾಗ ಅನೀನೇ ಕೈ ಎತ್ತಿ ಹೊರಗ ನಡದ್ಲು. ದೂರ ಕುಂತ ಚಿಗಪ್ಪಗೂ ಗೊತ್ತಾಗಿರ್ಲಿಕ್ಕಿಲ್ಲ. ಅಕಿ ಟೀಮಿನೋರು ಅವತ್ತಿಂದ ಯಾರೂ ಅಕಿನ್ನ ಮಾತಾಡ್ಸಿಲ್ಲಂತ."

ನಾಲ್ಕು ದಿನ ನಾವು ಅನ್ನದ ಜೊತೆ ರೂಲ್ಸನ್ನು ಕಲಸಿ ತಿಂದದ್ದೇ ಬಂತು. ಮುಳ್ಳು ಚುಚ್ಚಿದ್ದು ಬೇರೆ ಕಡೆ.

ಅನಿತಾ ಮಾಳಿಗೆಯ ಮೇಲೆ ಒಬ್ಬಳೇ ಕುಳಿತಿದ್ದಳು. ಮೆಟ್ಟಿಲು ಹತ್ತುವಾಗ ಏನೇನು ಹೇಳಬೇಕೆಂದು ಒಳ್ಳೊಳ್ಳೆಯ ಮಾತು ಜೋಡಿಸಿಕೊಂಡಿದ್ದೆ. ದಿನಾ ಎರಡು ಹೊತ್ತು ದೀಪ ಹಚ್ಚುವವಳು ನಾನು. ಸತ್ಯ, ಧರ್ಮ, ಮೇಲಿರುವವನು ನೋಡುತ್ತಾನೆ, ಎಲ್ಲ ನಾಲಿಗೆಯ ತುದಿಯಲ್ಲೇ ಇತ್ತು. ಅವಳ ಮುಖ ನೋಡಿದ ಕೂಡಲೇ ಬಾಯಿಂದ ಬಂದದ್ದು ಇದು:

"ಯವ್ವಾ, ಕೈ ಯಾಕ ಎತ್ತಿದಿ? ಅವ್ರು ನೋಡೇ ಇರಲಿಲ್ಲಂತಲ್ಲ!"

ಅವಳು ಕಣ್ಣರಳಿಸಿ ನನ್ನನ್ನೇ ನೋಡಿದಳು. ನನಗೆ ಮಾಳಿಗೆಯಿಂದ ಹಾರಿಬಿಡೋಣ ಎನಿಸಿತು. ಆಮೇಲೆ ಹುಡುಗಿ ನಗತೊಡಗಿದಳು. ನಾಲ್ಕು ದಿನದ ನಗು ಒಟ್ಟಿಗೆ ಬಂದಂತೆ, ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಅವ್ವಾ! ನಮ್ಮ ಟೀಮಿನೋರು ಅಂದಿದ್ದು ಅಕ್ಷರ ತಪ್ಪದಂಗ ಇದೇ ಮಾತು! ಹೆತ್ತಾಕಿ ನೀನೇ ಹಿಂಗ ಅಂದ್ಮ್ಯಾಲೆ ಅವ್ರ ಮ್ಯಾಲೆ ಏನ್ ಸಿಟ್ಟು ಮಾಡ್ಲಿ?"

"ಬಾಯಿ ತಪ್ಪಿ ಬಂತವ್ವಾ."

"ಬರ್ಲಿ ಬಿಡು. ತಾಕಿದ್ದು ನನಗ ಗೊತ್ತಾತು, ಎತ್ತಿದೆ. ಅಷ್ಟೇ." ಕಣ್ಣೊರೆಸಿಕೊಂಡು ಎದ್ದಳು. "ಆದ್ರೂ ಆ ರೂಲ್ಸ್ ಬದಲಾಗ್ಲೇಬೇಕು. ಟಾಸ್ ನಾವೇ ಗೆದ್ದಿದ್ರೂ ನಾ ಇದ್ನೇ ಹೇಳ್ತಿದ್ದೆ."

"ಹೇಳ್ತಿದ್ದೇನು?"

ಸ್ವಲ್ಪ ಯೋಚಿಸಿದಳು. "ಇಲ್ಲ ಬಿಡು, ಹೇಳ್ತಿರಲಿಲ್ಲ. ನಾಳೆ ಏಳು ಗಂಟಿ ಬಸ್ಸಿಗೆ ಎಬ್ಬಿಸು."

ನನ್ನ ಬುದ್ಧಿಯಿಂದ ಆಗದ ಕೆಲಸವನ್ನು ಭಗವಂತ ನನ್ನ ದಡ್ಡತನದಿಂದ ಮಾಡಿಸಿದ. ಎಷ್ಟೋ ಸಲ ಹೀಗಾಗಿದೆ. ಅವನ ಬಳಿ ನನ್ನದೆಂದು ಬಳಸಿಕೊಳ್ಳಲು ಅದೇ ಹೆಚ್ಚು ದಾಸ್ತಾನಿರಬೇಕು. ಜೋಡಿಸಿಟ್ಟುಕೊಂಡಿದ್ದ ಒಳ್ಳೆಯ ಮಾತುಗಳೆಲ್ಲ ಹಾಗೇ ಉಳಿದಿವೆ, ಯಾರಿಗಾದರೂ ಬೇಕಾದರೆ ಕೊಡುತ್ತೇನೆ. ಬಿಸಿಲು ಇಳಿಯುವುದರೊಳಗೆ ಅವಳ ಆಟದ ಬಟ್ಟೆ ಒಣಗಬೇಕಾಗಿತ್ತು. ಬಕೆಟ್ಟಿಗೆ ಸೋಪಿನ ಪುಡಿ ಹಾಕಿ, ಮಂಡಿಯ ಕೆಮ್ಮಣ್ಣು ಬಿಡಲಿ ಎಂದು ಬ್ರಷ್ಷು ಹಿಡಿದು ಕುಳಿತೆ.