ಅತ್ತೆ ಕಂಪ್ಯೂಟರಿಗೆ ನೀರು ಕುಡಿಸಿದ್ದು

ನಮ್ಮ ಅತ್ತೆಗೆ ಜಗತ್ತಿನ ಎಲ್ಲ ಕಾಯಿಲೆಗೂ ಒಂದೇ ಔಷಧ ಗೊತ್ತು: ನೀರು! ಜ್ವರ ಬಂದರೆ ತಣ್ಣೀರ ಪಟ್ಟಿ, ಸಿಟ್ಟು ಬಂದರೆ ಒಂದು ತಂಬಿಗೆ ನೀರು, ನೆಂಟರು ಹೊತ್ತಾದರೂ ಏಳದಿದ್ದರೆ... ಬಿಡಿ, ಅದನ್ನು ಹೇಳಬಾರದು. ಆದರೆ ಕಂಪ್ಯೂಟರಿಗೂ ನೀರು ಕುಡಿಸುತ್ತಾರೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ.

ಆಗ ನಾವು ಗಡಿಜಿಲ್ಲೆಯ ನಮ್ಮ ಊರಿನ ಸದಾಶಿವನಗರದಲ್ಲಿದ್ದೆವು. ಗಂಡ ಖಾನಾಪುರದ ಕಚೇರಿಗೆ ಹೊರಟರೆ ಮನೆಯಲ್ಲಿ ಉಳಿಯುವವರು ನಾನು, ಅತ್ತೆ ಮತ್ತು ನನ್ನ ಕಂಪ್ಯೂಟರು. ಕಾಲೇಜಿನವರ ಪ್ರಬಂಧಗಳನ್ನು ಟೈಪು ಮಾಡಿಕೊಡುವುದು ನನ್ನ ಕೆಲಸ. ಜಾಗವಿಲ್ಲವೆಂದು ಕೊಂಡ ಪುಟ್ಟ ಪೆಟ್ಟಿಗೆ. ಅದರೊಳಗೆ ಪುಟ್ಟ ಫ್ಯಾನುಗಳು. ಗಾತ್ರ ಅಂಗೈಯಷ್ಟು, ಗಂಟಲು ಹಿಟ್ಟಿನ ಗಿರಣಿಯದು! ಇಷ್ಟು ಒದರಿಯೂ ಬಿಸಿಲೇರಿದರೆ ಯಂತ್ರ ಕಾದು ನಿಂತೇಬಿಡುತ್ತಿತ್ತು. ನಾನು ಅದರ ಮುಂದೆ ಕೂತರೆ ಸಾಕು, ಅತ್ತೆ ಎದ್ದು ಅಂಗಳಕ್ಕೆ ಹೋಗುತ್ತಿದ್ದರು. ನನ್ನ ಕೆಲಸ ಅವರಿಗೆ ಸೇರದು ಎಂದೇ ತಿಳಿದಿದ್ದೆ.

ಒಂದು ದಿನ ಪೆಟ್ಟಿಗೆಯ ನೆತ್ತಿ ಮುಟ್ಟಿ ನೋಡಿ ಅತ್ತೆ ತೀರ್ಪು ಕೊಟ್ಟರು: "ನಮ್ಮೂರ ಪಾರಿಶ್ವಾಡದಾಗ ಹೊಲದ ಇಂಜಿನ್ನಿಗೆ ನೀರು ತಿರುಗಿಸಿ ತಂಪ ಮಾಡತಿದ್ವಿ. ಇದಕ್ಕೂ ಮಾಡೂಣು."

"ಅತ್ತೀ, ಒಳಗ ಕರೆಂಟ್ ಐತ್ರೀ!"

"ಒಳಗ ಸುರೀತೀನೇನು? ಪೈಪಿನಾಗ ಬಿಡತೀನಿ."

ಅತ್ತೆಯನ್ನು ಬೈಯಲಿ ಎಂದು ಕಂಪ್ಯೂಟರ್ ರಿಪೇರಿಯವನನ್ನು ಕರೆಸಿದೆ. ಆ ಪುಣ್ಯಾತ್ಮ, "ಪರದೇಶದಾಗ ಹಿಂಗ ಮಾಡತಾರ್ರೀ ಮೇಡಂ!" ಎಂದು ಕುಣಿದ. ಇದ್ದ ಒಬ್ಬರು ಇಬ್ಬರಾದರು!

ನಕ್ಷೆ ಎಲ್ಲಿ ಬರೆದರು ಅಂದಿರಿ? ಅಂಗಳದಲ್ಲಿ, ರಂಗೋಲಿಯಲ್ಲಿ! ಇಲ್ಲಿ ಪಂಪು, ಇಲ್ಲಿ ಪ್ರೊಸೆಸರಿನ ಮೇಲೆ ಕೂರುವ ತಾಮ್ರದ ಡಬ್ಬಿ, ಇಲ್ಲಿ ನೀರಿನ ಬಿಸಿ ಆರಿಸುವ ರೇಡಿಯೇಟರು, ಅಲ್ಲಿಂದ ಮತ್ತೆ ಪಂಪು. ಮರುದಿನ ನೋಡಿದರೆ ಪಕ್ಕದ ಮನೆಯ ಬಾಗಿಲಲ್ಲೂ ಅದೇ ಚಿತ್ರ, ಅರಿಶಿನ ಕುಂಕುಮ ಸಮೇತ! "ಯಾವ ವ್ರತದ್ದ್ರೀ ಇದು?" ಎಂದು ಆ ಮನೆಯಾಕೆ ಕೇಳಿದರೆ ಅತ್ತೆ ಗಂಭೀರವಾಗಿ, "ನಿಮ್ಮ ಪೈಪ್ ಒಂದ ಕಡೆ ಮಡಚೇತಿ, ನೀರು ಹೋಗೂದಿಲ್ಲ" ಅನ್ನಬೇಕೆ!

ಮೀನಿನ ತೊಟ್ಟಿಯ ಪಂಪು ಸಿಕ್ಕಿತು. ಗಂಡನನ್ನು ಅಟ್ಟಿ ಖಾನಾಪುರದ ಲೇಥಿನವನಿಂದ ತಾಮ್ರದ ಡಬ್ಬಿ ಮಾಡಿಸಿದ್ದಾಯಿತು. ರೇಡಿಯೇಟರಿಗಾಗಿ ಕೋಟೆಯ ಹತ್ತಿರದ ಗುಜರಿ ಅಂಗಡಿಗೆ ನಾವಿಬ್ಬರೂ ಹೋದೆವು.

"ಯಾವ ಗಾಡಿಗೆ, ಅಮ್ಮಾ?" ಅಂಗಡಿಯ ಚಾಚಾ ಕೇಳಿದರು. ಅತ್ತೆಗೆ ಕಿವಿ ಮಂದ. ಅದನ್ನೇ ನಾನು ಅವರ ಕಿವಿಯಲ್ಲಿ ಒದರಿದೆ.

"ಗಾಡಿಗಲ್ರೀ, ಕಂಪ್ಯೂಟರಿಗೆ!" ಅತ್ತೆ ಅಂದರು.

ಚಾಚಾ ಅತ್ತೆಯನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಮೆಲ್ಲಗೆ, "ಲೀಟರಿಗೆ ಆವರೇಜ್ ಎಷ್ಟು ಕೊಡ್ತದ?" ಅಂದರು.

ಜೋಡಿಸುವ ದಿನ ನಾನು ಟೈಪು ಮಾಡಿದ್ದನ್ನೆಲ್ಲ ಫ್ಲಾಪಿಗಳಿಗೆ ಇಳಿಸಿ, ಅವನ್ನು ದೇವರ ಮುಂದೆ ಇಟ್ಟೆ. ಅತ್ತೆ ಮೊದಲು ಪೆಟ್ಟಿಗೆಯ ಹೊರಗೇ, ಹಳೆಯ ಪತ್ರಿಕೆ ಹಾಸಿ, ಪಂಪು ನಡೆಸಿ ನೋಡಿದರು. ಪತ್ರಿಕೆಯ ಮೇಲೆ ಒದ್ದೆ ಕಲೆ! ಪೈಪಿನ ಕ್ಲಿಪ್ಪು ಬಿಗಿದು, ಹೊಸ ಪತ್ರಿಕೆ ಹಾಸಿ, ಮತ್ತೆ ನಡೆಸಿದರು. ಮಧ್ಯಾಹ್ನದವರೆಗೂ ಒಂದು ಹನಿ ಬೀಳಲಿಲ್ಲ. ಆಮೇಲೆ ರಿಪೇರಿಯವನು ಒದರುವ ಫ್ಯಾನುಗಳನ್ನು ಬಿಚ್ಚಿಹಾಕಿ ಎಲ್ಲವನ್ನೂ ಕೂಡಿಸಿದ. ಪಂಪು, ರೇಡಿಯೇಟರು ಕಿಟಕಿಯ ಕಟ್ಟೆಗೆ ಹೋದವು. ಸ್ವಿಚ್ಚು ಒತ್ತಿದವಳು ನಾನೇ. ಪರದೆ ಬೆಳಗಿತು. ಮಧ್ಯಾಹ್ನದ ಬಿಸಿಲಿಗೂ ಯಂತ್ರ ನಿಲ್ಲಲಿಲ್ಲ! ಹಿಡಿದಿದ್ದ ಉಸಿರು ಬಿಟ್ಟೆ. ನಿಟ್ಟುಸಿರಿನ ಸದ್ದು ನನಗೇ ಕೇಳಿಸಿತು. ಮನೆ ಅಷ್ಟು ನಿಶ್ಶಬ್ದ!

ರಿಪೇರಿಯವನು ಹೋದ ಮೇಲೆ ಅತ್ತೆ ಕಪಾಟಿನಿಂದ ಏನನ್ನೋ ತಂದರು. ಹಾಕಿಕೊಳ್ಳದೆ ಎತ್ತಿಟ್ಟಿದ್ದ ಕಿವಿಯ ಮಷಿನ್ನು. ಅದನ್ನು ಸಿಕ್ಕಿಸಿಕೊಂಡು, ಸ್ಟೂಲು ಎಳೆದು ನನ್ನ ಬಾಜೂ ಕುಳಿತರು.

"ಇದನ್ನ ಹಾಕ್ಕೊಂಡ್ರ ಬರೇ ಆ ಫ್ಯಾನಿನ ಗದ್ದಲಾನ ಕೇಳತಿತ್ತ ಯವ್ವಾ, ತಲಿ ಸಿಡೀತಿತ್ತು. ಅದಕ್ಕ ತಗದಿಟ್ಟು ಅಂಗಳಕ್ಕ ಹೋಗತಿದ್ನಿ. ನೀ ಏನರ ಅಂದ್ರ ತಿಳೀತಿದ್ದಿಲ್ಲ. ಮನ್ಯಾಗ ಇರೂ ಇಬ್ಬರು, ಮಾತ ಇಲ್ಲಂದ್ರ ಹೆಂಗ?"

"ಚಹಾ ಮಾಡಲೇನ್ರೀ ಅತ್ತೀ?" ಎಂದು ರೂಢಿಯಂತೆ ಒದರಿದೆ.

ಅತ್ತೆ ಬೆಚ್ಚಿಬಿದ್ದು ಕಿವಿ ಹಿಡಿದುಕೊಂಡು ನಕ್ಕರು.

"ಒದರಬ್ಯಾಡ. ಮೆಲ್ಲಕ ಹೇಳು, ಕೇಳಸ್ತೈತಿ."